ಜೊತೆಗೊಬ್ಬರು ಇರಬೇಕು

ಬೈಕುಲ್ಲಾದ ಧರ್ಮಣ್ಣ ಶೆಟ್ಟರ ಹೋಟೆಲಿನಲ್ಲಿ ಮೋನಪ್ಪನ ಚಹಾ ಕುಡಿದವರು ಸಾವಿರಾರು ಮಂದಿ. ಮೋನಪ್ಪನ ಮುಖ ಕಂಡವರು ಬೆರಳೆಣಿಕೆ. ಅಡುಗೆಕೋಣೆಗೂ ಗಿರಾಕಿಗಳು ಕೂರುವ ಜಾಗಕ್ಕೂ ನಡುವೆ ಹಲಗೆಯ ಗೋಡೆ. ಆ ಗೋಡೆಯಲ್ಲಿ ಎರಡು ಗೇಣು ಅಗಲದ ಒಂದು ಕಿಂಡಿ. ಹೊರಗಿನಿಂದ ಮಾಣಿಗಳು "ದೋ ಚಾಯ್, ಏಕ್ ಕಾಫಿ ಕಡಕ್" ಎಂದು ಕೂಗಿದರೆ ಒಳಗಿನಿಂದ ಒಂದು ಕೈ ಗ್ಲಾಸುಗಳನ್ನು ಆಚೆ ತಳ್ಳುತ್ತಿತ್ತು. ಆ ಕೈ ಮೋನಪ್ಪನದು. ಮುಂಜಾನೆ ಐದಕ್ಕೆ ಬಾಯ್ಲರಿನ ಎದುರು ನಿಂತರೆ ರಾತ್ರಿ ಅಂಗಡಿಯ ಬಾಗಿಲು ಎಳೆಯುವವರೆಗೆ ಅವನು ನಿಂತೇ ಇರುತ್ತಿದ್ದ. ಆಮೇಲೆ ಮರದ ಏಣಿ ಹತ್ತಿ ಅಟ್ಟದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದ. ಹೀಗೆಯೇ ಇಪ್ಪತ್ತೆಂಟು ವರ್ಷ ಕಳೆದಿತ್ತು.

ಮೂಲ್ಕಿಯ ಕಡೆಯವನು. ಹದಿಮೂರನೆಯ ವಯಸ್ಸಿಗೆ ಮಂಗಳೂರಿನಲ್ಲಿ ಹಡಗು ಹತ್ತಿ ಬಂದವನು. ಮೊದಲ ಹತ್ತು ವರ್ಷ ಕಪ್ಪುಬಸಿ ತೊಳೆದ, ಮೇಜು ಒರೆಸಿದ, ಕೊನೆಗೆ ಚಹಾದ ಕೆಲಸಕ್ಕೆ ನಿಂತ. ಇಬ್ಬರು ತಂಗಿಯಂದಿರ ಮದುವೆಯಾಗಲಿ, ಆಮೇಲೆ ನನ್ನದು ಎಂದುಕೊಂಡಿದ್ದ. ಅವರ ಮದುವೆ ಮುಗಿಯುವ ಹೊತ್ತಿಗೆ ಅವನ ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಕೇಳಲು ಹೋದ ಒಂದೆರಡು ಸಂಬಂಧ ತಪ್ಪಿದವು. ಮೂರನೆಯದನ್ನು ಕೇಳಲು ಯಾರೂ ಹೋಗಲಿಲ್ಲ. ದೊಡ್ಡ ತಂಗಿಯ ಮಗ ಶೇಖರನನ್ನು ಬೊಂಬಾಯಿಗೆ ಕರೆಸಿ, ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗೆ ಸೇರಿಸಿ ಮೆಟ್ರಿಕ್ ಮಾಡಿಸಿದ. ಆ ಹುಡುಗ ಈಗ ಚೆಂಬೂರಿನ ರಿಫೈನರಿಯಲ್ಲಿ ಗುಮಾಸ್ತ, ಕಾಲನಿಯಲ್ಲಿ ಮನೆ, ಹೆಂಡತಿ, ಒಂದು ಹೆಣ್ಣುಮಗು. ಅಳಿಯಕಟ್ಟಿನ ಮನೆತನದಲ್ಲಿ ಸೋದರಮಾವನಿಗೆ ಅಳಿಯನಿಗಿಂತ ಹತ್ತಿರದವರು ಇಲ್ಲ. ಶೇಖರನಿಗೂ ಅದು ಗೊತ್ತಿತ್ತು. ದೀಪಾವಳಿಗೆ ಒಮ್ಮೆ ಬಂದು ಕಾಲು ಮುಟ್ಟಿ ಹೋಗುತ್ತಿದ್ದ.

ಎಪ್ಪತ್ತೆರಡರ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಬಾಯ್ಲರಿನ ಎದುರು ಮೋನಪ್ಪನ ಎಡಗೈ ಜೋಮು ಹಿಡಿಯಿತು. ಎದೆಯ ಮೇಲೆ ಯಾರೋ ಅಕ್ಕಿಮುಡಿ ಇಟ್ಟ ಹಾಗಾಯಿತು. ಕಿಂಡಿಯಾಚೆ ಮಾಣಿ ಮೂರು ಸಲ ಕೂಗಿದ; ಗ್ಲಾಸು ಬರಲಿಲ್ಲ. ಬಗ್ಗಿ ನೋಡಿದರೆ ಮೋನಪ್ಪ ನೆಲದ ಮೇಲೆ ಗೋಡೆಗೊರಗಿ ಕೂತಿದ್ದ. ಧರ್ಮಣ್ಣ ಶೆಟ್ಟರು ತಾವೇ ಟ್ಯಾಕ್ಸಿಯಲ್ಲಿ ಹಾಕಿಕೊಂಡು ಪರೇಲಿನ ಒಂದು ಆಸ್ಪತ್ರೆಗೆ ಒಯ್ದರು.

ಹೃದಯದ ವಾರ್ಡಿನಲ್ಲಿ ಅವನಿಗೆ ಹನ್ನೊಂದನೆಯ ಮಂಚ ಸಿಕ್ಕಿತು. ಎದೆಗೆ ನಾಲ್ಕು ವಾಯರು ಅಂಟಿಸಿ, ತಲೆಯ ಪಕ್ಕದ ಸ್ಟೂಲಿನ ಮೇಲೆ ಒಂದು ಪೆಟ್ಟಿಗೆ ಇಟ್ಟರು. ಪೆಟ್ಟಿಗೆಯ ಗಾಜಿನ ಮೇಲೆ ಹಸಿರು ಗೆರೆಯೊಂದು ಏರುತ್ತ ಇಳಿಯುತ್ತ ಓಡುತ್ತಿತ್ತು. ಅದು ನಿನ್ನ ಎದೆಬಡಿತ ಎಂದು ಯಾರೋ ಹೇಳಿದರು. ಇಡೀ ವಾರ್ಡಿಗೆ ಅಂಥ ಪೆಟ್ಟಿಗೆ ಇದ್ದದ್ದು ಒಂದೇ. ಮೋನಪ್ಪ ಕತ್ತು ಹೊರಳಿಸಿ ಅದನ್ನೇ ನೋಡುತ್ತ ಮಲಗಿರುತ್ತಿದ್ದ. ಆ ಗೆರೆ ಓಡುತ್ತಿರುವವರೆಗೆ ತಾನು ಇರುತ್ತೇನೆ, ವಾಯರು ಕಿತ್ತರೆ ತಾನೂ ನಿಲ್ಲುತ್ತೇನೆ ಎಂಬ ನಂಬಿಕೆ ಅವನ ಮನಸ್ಸಿನಲ್ಲಿ ಬೇರುಬಿಟ್ಟಿತು.

ಪಕ್ಕದ ಹನ್ನೆರಡನೆಯ ಮಂಚದಲ್ಲಿ ಬಂಡೆಪ್ಪ ಎಂಬುವನಿದ್ದ. ವಿಜಾಪುರ ಜಿಲ್ಲೆಯ ಸಿಂದಗಿಯ ಕಡೆಯವನು, ಕಟ್ಟಡದ ಕೆಲಸದವನು, ಮೂವತ್ತೆಂಟು ವರ್ಷ. ಮೋನಪ್ಪ ಬರುವ ಎರಡು ದಿನ ಮೊದಲು ಬಂದಿದ್ದ. ಈಗ ಎದ್ದು ಕೂರುತ್ತಿದ್ದ. ಸುತ್ತ ಮರಾಠಿ, ಗುಜರಾತಿ, ಹಿಂದಿ. ನರ್ಸು ಕೇರಳದವಳು. ಮೋನಪ್ಪ ನಿದ್ದೆಯಲ್ಲಿ "ಅಮ್ಮಾ, ನೀರು" ಎಂದದ್ದು ಕೇಳಿ ಬಂಡೆಪ್ಪನಿಗೆ ಜೀವ ಬಂದ ಹಾಗಾಯಿತು.

"ಕನ್ನಡದವ್ರೇನ್ರಿ? ಯಾ ಊರು?"

"ಮೂಲ್ಕಿ. ಮಂಗಳೂರಿನ ಹತ್ತಿರ."

"ಹಂಗಂತೀರಾ. ನಿಮ್ಮ ಕನ್ನಡ ಸಾಲ್ಯಾಗಿನ ಪುಸ್ತಕ ಓದಿದಂಗ ಐತಿ ಬಿಡ್ರಿ," ಎಂದು ಬಂಡೆಪ್ಪ ನಕ್ಕಿದ್ದ.

ಮೂರು ದಿನ ಅವರು ಮಾತಾಡಿದರು. ಬಂಡೆಪ್ಪನೇ ಹೆಚ್ಚು ಆಡಿದ್ದು. ಅವನ ಹೆಂಡತಿ ದೇವಕ್ಕ ದಿನಾ ನಾಲ್ಕು ಗಂಟೆಗೆ, ನೋಡಲು ಬಿಡುವ ಹೊತ್ತಿನಲ್ಲಿ, ಅರಿವೆಯಲ್ಲಿ ಸುತ್ತಿದ ಜೋಳದ ರೊಟ್ಟಿ ತರುತ್ತಿದ್ದಳು. ನಾಲ್ಕನೆಯ ದಿನವೂ ತಂದಳು. ಅವಳು ಬರುವ ಮೊದಲೇ ಬಂಡೆಪ್ಪ ಯಾಕೋ ಸುಮ್ಮನಾಗಿದ್ದ. ಅವಳು ಗಂಟು ಬಿಚ್ಚುತ್ತಿರುವಾಗ ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಕಣ್ಣು ಮೇಲಕ್ಕೆ ಹೋಯಿತು. ದೇವಕ್ಕ ಎದ್ದು ಓಡಿ ನರ್ಸಿನ ಕೈ ಹಿಡಿದಳು. ಪೆಟ್ಟಿಗೆಯ ಕಡೆ ಬೆರಳು ಮಾಡಿ ಕೂಗಿದಳು:

"ಆ ಪೆಟಗಿ ಇವಗ ಹಚ್ಚವ್ವಾ ತಾಯಿ! ಅವ್ರು ಆರಾಮ ಅದಾರ, ನೋಡು! ನನ್ನ ಗಂಡನ ಎದಿ ನೋಡವ್ವಾ, ಎದಿ ನೋಡು!"

ನರ್ಸಿಗೆ ಒಂದಕ್ಷರವೂ ತಿಳಿಯಲಿಲ್ಲ. ನೋಡಲು ಬಂದ ಜನರ ಗದ್ದಲದ ನಡುವೆ ಅವಳು ಮೋನಪ್ಪನ ಕಡೆ ತಿರುಗಿ ಕೇಳಿದಳು: "ಕ್ಯಾ ಬೋಲ್ತೀ ಹೈ ಯೇ?"

ಮೋನಪ್ಪನಿಗೆ ಪ್ರತಿಯೊಂದು ಮಾತೂ ತಿಳಿದಿತ್ತು. ಹಸಿರು ಗೆರೆ ಓಡುತ್ತಿತ್ತು. ವಾಯರುಗಳು ಅವನ ಎದೆಯ ಮೇಲಿದ್ದವು.

"ಪಾನಿ ಮಾಂಗ್ತೀ ಹೈ," ಎಂದ. ನೀರು ಕೇಳುತ್ತಿದ್ದಾಳೆ.

ನರ್ಸು ವಾರ್ಡಿನ ಕೊನೆಯ ಹೂಜಿಯಿಂದ ನೀರು ತಂದು ದೇವಕ್ಕನ ಕೈಗಿತ್ತು, ಆಗ ಬಂಡೆಪ್ಪನ ಮುಖ ನೋಡಿ, ಡಾಕ್ಟರನ್ನು ಕರೆಯಲು ಓಡಿದಳು. ಡಾಕ್ಟರು ಬಂದರು. ಎದೆ ಒತ್ತಿದರು, ಸೂಜಿ ಚುಚ್ಚಿದರು. ನಾಲ್ಕೂಕಾಲಿಗೆ ಮಂಚದ ಸುತ್ತ ಪರದೆ ಎಳೆದರು.

ಯಾರೂ ಮೋನಪ್ಪನನ್ನು ಏನನ್ನೂ ಕೇಳಲಿಲ್ಲ. ಕೇಳುವಂಥದ್ದು ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಬಿಟ್ಟುಕಳಿಸುವ ದಿನ ಅವನು ವಾರ್ಡಿನ ಡಾಕ್ಟರ್ ಸಬ್ನಿಸರನ್ನು, ಏನೋ ಸುಮ್ಮನೆ ಕೇಳಿದವನ ಹಾಗೆ, ಕೇಳಿದ: "ಆ ಪೆಟ್ಟಿಗೆ ಮನುಷ್ಯನನ್ನು ಬದುಕಿಸುತ್ತದೆಯೇ ಸಾಹೇಬರೇ?"

"ಇಲ್ಲ ಮೋನಪ್ಪ, ಅದು ತೋರಿಸುತ್ತದೆ ಅಷ್ಟೇ. ಅದು ತೋರಿಸಿದರೆ ನಾವು ಓಡಿ ಬರುತ್ತೇವೆ."

ಆ ಕೊನೆಯ ಮಾತು ಅವನ ಜೊತೆ ಹೋಟೆಲಿಗೆ ಬಂತು.

ಧರ್ಮಣ್ಣ ಶೆಟ್ಟರು ಕೈಬಿಡಲಿಲ್ಲ. ಬಾಯ್ಲರಿನ ಮುಂದೆ ಬೇರೊಬ್ಬನನ್ನು ನಿಲ್ಲಿಸಿ, ಮೋನಪ್ಪನಿಗೆ ಕೂತು ಮಾಡುವ ಕೆಲಸ ಕೊಟ್ಟರು: ಅಕ್ಕಿ ಉದ್ದು ಆರಿಸುವುದು, ಸಾಮಾನು ಬಂದಾಗ ನೋಡಿಕೊಳ್ಳುವುದು. ಅಟ್ಟ ಹತ್ತಬಾರದೆಂದು ಹಿಂದಿನ ದಾಸ್ತಾನುಕೋಣೆಯಲ್ಲಿ ಮಂಚ ಹಾಕಿಸಿದರು. ಡಾಕ್ಟರು ದಿನಾ ನಡೆಯಲು ಹೇಳಿದ್ದರು. ಮೂವತ್ತೆಂಟು ವರ್ಷ ಬೊಂಬಾಯಿಯಲ್ಲಿದ್ದರೂ ಮೋನಪ್ಪ ಬೊಂಬಾಯಿಯಲ್ಲಿ ನಡೆದವನಲ್ಲ. ಈಗ ಬೆಳಕು ಹರಿಯುತ್ತಲೇ ಹೊರಟು ಚಿಂಚ್‌ಪೋಕ್ಳಿ, ಲಾಲ್‌ಬಾಗ್ ದಾಟಿ ಪರೇಲಿನವರೆಗೆ ಹೋಗಿ ಬರತೊಡಗಿದ. ಗಿರಣಿಗಳ ಪಾಳಿಯ ಭೋಂಗಾ ಕೂಗುವ ಹೊತ್ತಿಗೆ ಬೀದಿ ತುಂಬ ಮನುಷ್ಯರು. ಒಬ್ಬರ ಭುಜ ಇನ್ನೊಬ್ಬರಿಗೆ ತಾಗುತ್ತಿತ್ತು. ಅವರಲ್ಲಿ ಎಷ್ಟೋ ಮಂದಿ ತನ್ನ ಚಹಾ ಕುಡಿದವರಿರಬೇಕು ಎಂದು ಅವನು ಮುಖಗಳನ್ನು ನೋಡುತ್ತಿದ್ದ. ಯಾರ ಮುಖದಲ್ಲೂ ಗುರುತು ಹತ್ತಿದ ಚಹರೆ ಕಾಣುತ್ತಿರಲಿಲ್ಲ. ಹತ್ತುವುದಾದರೂ ಹೇಗೆ? ಅವರಿಗೆ ಗೊತ್ತಿದ್ದದ್ದು ಒಂದು ಕೈ ಮಾತ್ರ.

ಒಂದು ಬೀದಿಯನ್ನು ಮಾತ್ರ ಅವನು ಬಳಸಿಕೊಂಡು ಹೋಗುತ್ತಿದ್ದ. ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನ ಬಾಗಿಲಲ್ಲಿ, ಮೆಂತ್ಯ ಕೊತ್ತಂಬರಿ ಬಿಡಿಸಿ ಕಟ್ಟು ಕಟ್ಟುವ ಹೆಂಗಸರ ಸಾಲಿನಲ್ಲಿ, ಒಂದು ದಿನ ಅವನು ದೇವಕ್ಕನನ್ನು ಕಂಡಿದ್ದ. ಅಂದಿನಿಂದ ಆ ಕಡೆ ಕಾಲಿಡಲಿಲ್ಲ. ಅರ್ಧ ಫರ್ಲಾಂಗು ಸುತ್ತಾದರೂ ಸರಿ, ಬೇರೆ ದಾರಿ ಹಿಡಿಯುತ್ತಿದ್ದ.

ಹೀಗೆ ಇಪ್ಪತ್ತು ತಿಂಗಳು ಹೋಯಿತು. ಎಪ್ಪತ್ತಮೂರರ ಡಿಸೆಂಬರಿನಲ್ಲಿ ತಪಾಸಣೆಗೆ ಹೋದಾಗ ಡಾಕ್ಟರ್ ಸಬ್ನಿಸ್ ಅವನ ನಾಡಿ ಹಿಡಿದು ಮೆಚ್ಚಿದರು. "ಜನವರಿಯಲ್ಲಿ ಒಂದು ದೊಡ್ಡ ನಡಿಗೆ ಇಟ್ಟಿದ್ದೇವೆ," ಎಂದರು. ಆಸ್ಪತ್ರೆಯ ಹಿತೈಷಿಗಳು ಸೇರಿ ಮಾಡುವುದು. ಶಿವಾಜಿ ಪಾರ್ಕಿನಿಂದ ಮಹಾಲಕ್ಷ್ಮಿಯ ರೇಸ್‌ಕೋರ್ಸಿನವರೆಗೆ ಏಳು ಕಿಲೋಮೀಟರು. ಸಾವಿರಾರು ಮಂದಿ ನಡೆಯುತ್ತಾರೆ; ಅದರಿಂದ ಬಂದ ಹಣದಲ್ಲಿ ವಾರ್ಡಿಗೆ ಇನ್ನೆರಡು ಪೆಟ್ಟಿಗೆ ಬರುತ್ತವೆ. "ಎದೆನೋವಿನಿಂದ ಎದ್ದುಬಂದ ಹತ್ತು ಜನ ಎಲ್ಲರಿಗಿಂತ ಮುಂದೆ ನಡೆಯಬೇಕು, ಜನ ನೋಡಬೇಕು. ನೀನು ಬರುತ್ತೀಯಲ್ಲ?"

ಮೋನಪ್ಪ ತಲೆಯಾಡಿಸಿದ. ಪೆಟ್ಟಿಗೆ ಎಂಬ ಮಾತು ಕೇಳಿದ ಮೇಲೆ ಇಲ್ಲವೆನ್ನಲು ಅವನಿಗೆ ಬಾಯಿ ಬರಲಿಲ್ಲ.

"ಒಂದೇ ಷರತ್ತು," ಎಂದರು ಡಾಕ್ಟರು. "ಜೊತೆಗೊಬ್ಬರು ಮನೆಯವರು ಇರಬೇಕು. ಕಾಲು ಸೋತರೆ, ತಲೆ ಸುತ್ತಿದರೆ ಹಿಡಿಯಲು. ಯಾರು ಬರುತ್ತಾರೆ?"

"ಬರುತ್ತಾರೆ ಸಾಹೇಬರೇ," ಎಂದ ಮೋನಪ್ಪ. ಯಾರೆಂದು ಹೇಳಲಿಲ್ಲ.

ಮೊದಲ ಭಾನುವಾರ ಚೆಂಬೂರಿಗೆ ಹೋದ. ಶೇಖರನ ಹೆಂಡತಿ ಪ್ರಫುಲ್ಲಾ ನೀರು ಬೆಲ್ಲ ಕೊಟ್ಟು ಉಪಚರಿಸಿದಳು. ಊಟಕ್ಕೆ ಏಳಿ ಎಂದಳು. ಮೋನಪ್ಪ ವಿಷಯ ಹೇಳಿದ.

"ಮಾವ, ನಿಮಗೆ ಈ ಪ್ರಾಯದಲ್ಲಿ ಎಂತಕ್ಕೆ ಇದೆಲ್ಲ?" ಎಂದ ಶೇಖರ. "ಆ ಆದಿತ್ಯವಾರ ನಮ್ಮ ಕಾಲನಿಯಲ್ಲಿ ಸತ್ಯನಾರಾಯಣ ಪೂಜೆ ಉಂಟು. ನಾನು ಇಲ್ಲದಿದ್ದರೆ ಆಗುದಿಲ್ಲ. ಸುಮ್ಮನೆ ಬಿಟ್ಟುಬಿಡಿ ನೀವು."

"ಆಯ್ತು, ಪೂಜೆ ಬಿಡ್ಲಿಕ್ಕೆ ಆಗುದಿಲ್ಲ," ಎಂದ ಮೋನಪ್ಪ.

ಅವನು ಊಟದ ಮೇಲೆ ಚಾಪೆಯಲ್ಲಿ ಸ್ವಲ್ಪ ಒರಗಿದ್ದಾಗ ಮಗು ಒಳಗೆ ತಾಯಿಯನ್ನು ಹಿಂದಿಯಲ್ಲಿ ಕೇಳುತ್ತಿತ್ತು: "ಯೇ ಅಂಕಲ್ ಕಬ್ ಜಾಯೇಗಾ?" ಇವರು ಯಾವಾಗ ಹೋಗುತ್ತಾರೆ ಎಂದು. ಪ್ರಫುಲ್ಲಾ ಶ್ಶ್ ಎಂದಳು. ಮಗುವಿಗೆ ತುಳುವೂ ಬಾರದು, ಕನ್ನಡವೂ ಅಷ್ಟಕ್ಕಷ್ಟೇ. ಇವನಿಗೆ ಹಿಂದಿ ತಿಳಿಯುವುದಿಲ್ಲ ಎಂದುಕೊಂಡಿರಬೇಕು. ಮೋನಪ್ಪ ಚಾ ಕುಡಿಯುವವರೆಗೂ ಕಾಯದೆ ಸ್ಟೇಶನ್ನಿಗೆ ನಡೆದ.

ಧರ್ಮಣ್ಣ ಶೆಟ್ಟರನ್ನು ಕೇಳಿದಾಗ ಅವರು ಹೊಟ್ಟೆ ಹಿಡಿದು ನಕ್ಕರು. "ಆದಿತ್ಯವಾರ ಬೆಳಿಗ್ಗೆ ಗಲ್ಲಾ ಬಿಟ್ಟು ನಾನು ರಸ್ತೆಯಲ್ಲಿ ನಡೆಯುವುದಾ ಮಾರಾಯಾ? ಮಾಣಿಗಳನ್ನು ಕಳಿಸಿದರೆ ಇಡ್ಲಿ ಯಾರು ಕೊಡುವುದು?" ಆಮೇಲೆ ಅವನ ಮುಖ ನೋಡಿ, "ಬೇರೆ ಯಾರಾದರೂ ಸಿಕ್ಕಾರು," ಎಂದರು ಮೆತ್ತಗೆ.

ಬೇರೆ ಯಾರು? ಮೋನಪ್ಪ ಉದ್ದು ಆರಿಸುತ್ತ ಕೂತು ಹೆಸರುಗಳನ್ನು ನೆನೆದ. ಸುಮಾರು ನಲವತ್ತು ವರ್ಷದ ಬೊಂಬಾಯಿಯಲ್ಲಿ ನಾಲ್ಕನೆಯ ಹೆಸರು ಅವನಿಗೆ ಹೊಳೆಯಲಿಲ್ಲ. ನಡಿಗೆಗೆ ಮೂರು ದಿನ ಇರುವಾಗ, ಇಪ್ಪತ್ತು ತಿಂಗಳಿನಿಂದ ತುಳಿಯದ ಬೀದಿಯನ್ನು ತುಳಿದು ಮಾರ್ಕೆಟ್ಟಿನ ಬಾಗಿಲಿಗೆ ಹೋದ. ಬೇರೆ ಗತಿಯಿಲ್ಲದೆ ಹೋಗುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ.

ದೇವಕ್ಕ ತಲೆಯೆತ್ತಿ ನೋಡಿದಳು. ಒಂದು ಗಳಿಗೆ ಬೇಕಾಯಿತು.

"ಹನ್ನೊಂದನೇ ಮಂಚದವ್ರಲ್ಲೇನ್ರಿ ನೀವು? ಯವ್ವಾ, ಬದುಕೀರಲ್ಲ! ಚಲೋ ಆತು. ಕುಂದರ್ರಿ."

ಮೋನಪ್ಪ ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದ: ನಡಿಗೆ, ಪೆಟ್ಟಿಗೆ, ಡಾಕ್ಟರ ಷರತ್ತು. "ನನಗೆ ಇಲ್ಲಿ ಅಂಥವರು ಯಾರೂ ಇಲ್ಲ," ಎಂದ.

ಅವಳು ಕೈಯ ಕೊತ್ತಂಬರಿ ಕಟ್ಟನ್ನು ಕಟ್ಟಿ ಮುಗಿಸಿ ಬುಟ್ಟಿಗೆ ಹಾಕಿದಳು. "ಆ ಪೆಟಗಿ ತರಾಕ ನಡ್ಯೂದೇನು?"

"ಹೌದು."

"ಹಂಗಾರ ಬರ್ತೀನಿ. ಅವ್ರ ಕೇಳಿದ್ರ ಏನಂತ ಹೇಳ್ತೀರಿ ನನ್ನ?"

"ತಂಗಿ ಅಂತ."

"ಹೇಳ್ರಿ. ಅಕ್ಕಾ ಅಂತ ಮಾತ್ರ ಹೇಳಬ್ಯಾಡ್ರಿ, ಮಂದಿ ನಗ್ತಾರ," ಎಂದು ತಾನೇ ನಕ್ಕಳು. ಅವಳ ನಗು ಬಂಡೆಪ್ಪನದೇ ಜಾಡಿನದು. ಗಂಡಹೆಂಡತಿ ಬಹಳ ದಿನ ಒಟ್ಟಿಗಿದ್ದರೆ ಹಾಗಾಗುತ್ತದಂತೆ.

ಆ ಭಾನುವಾರ ಬೆಳಿಗ್ಗೆ ಶಿವಾಜಿ ಪಾರ್ಕಿನಲ್ಲಿ ಜಾತ್ರೆಯಷ್ಟು ಜನ. ಬ್ಯಾಂಕಿನವರು, ಕ್ಲಬ್ಬಿನವರು, ಶಾಲೆಯ ಮಕ್ಕಳು, ತಮ್ಮ ತಮ್ಮ ಹೆಸರಿನ ಬಟ್ಟೆ ಹಿಡಿದ ಗುಂಪುಗಳು. ಒಂದು ಬ್ಯಾಂಡು ಊದುತ್ತಿತ್ತು. ಬಿಳಿ ಕ್ಯಾನ್ವಾಸ್ ಬೂಟು ಹಾಕಿದ ಒಬ್ಬ ಹುಡುಗಿ ಹತ್ತು ರೋಗಿಗಳ ಎದೆಗೆ ಕೆಂಪು ಬಟ್ಟೆಯ ಹೃದಯ ಚುಚ್ಚಿದಳು. ಜೊತೆಗೆ ಬಂದವರಿಗೆ ಹಾಗೆಯೇ ಒಂದು ಚಿಕ್ಕದು. ಉಳಿದ ಒಂಬತ್ತು ಮಂದಿಯ ಪಕ್ಕದಲ್ಲಿ ಹೆಂಡತಿ, ಮಗ, ಮಗಳು ನಿಂತಿದ್ದರು. ದೇವಕ್ಕ ಟ್ರಂಕಿನಲ್ಲಿ ಮಡಿಸಿಟ್ಟಿದ್ದ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಡಾಕ್ಟರ್ ಸಬ್ನಿಸ್ ದೂರದಿಂದ ಕೈ ಬೀಸಿದರು. ನಿಶಾನೆ ಬಿತ್ತು.

ಕ್ಯಾಡೆಲ್ ರೋಡಿನುದ್ದಕ್ಕೂ ಮೋನಪ್ಪನಿಗೆ ತನ್ನ ಮೇಲೇ ಆಶ್ಚರ್ಯ. ಪಕ್ಕದಲ್ಲಿ ಒಬ್ಬರು ನಡೆಯುತ್ತಿದ್ದರೆ ಕಾಲು ಇಷ್ಟು ಹಗುರಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ರಸ್ತೆಯ ಎರಡು ಬದಿಯ ಕಟ್ಟಡಗಳಿಂದ ಜನ ಚಪ್ಪಾಳೆ ತಟ್ಟುತ್ತಿದ್ದರು. ದೇವಕ್ಕ ಸೆರಗು ಸಿಕ್ಕಿಸಿಕೊಂಡು ಬಿರಬಿರನೆ ನಡೆಯುತ್ತ ಮಾತಾಡಿದಳು: ಮದುವೆಯಾದ ಹೊಸದರಲ್ಲಿ ಗಂಡ ಇಲ್ಲಿಗೆ ಕರೆತಂದದ್ದು, ಮೊದಲ ಸಲ ಸಮುದ್ರ ಕಂಡಾಗ ಇಷ್ಟು ನೀರು ಯಾರ ಹೊಲಕ್ಕೂ ಹಾಯುವುದಿಲ್ಲವಲ್ಲ ಎಂದು ತಾನು ಅತ್ತದ್ದು, ಬಂಡೆಪ್ಪ ಅದನ್ನು ಕಟ್ಟಡದವರಿಗೆಲ್ಲ ಹೇಳಿ ನಗಿಸಿದ್ದು. ಮೋನಪ್ಪ ನಕ್ಕ. ಪ್ರಭಾದೇವಿ ದಾಟಿದರು. ವರ್ಲಿಯಲ್ಲಿ ಸಮುದ್ರದಂಡೆಯ ರಸ್ತೆಗೆ ತಿರುಗಿದಾಗ ಗಾಳಿ ಎದುರಾಯಿತು.

ಅಲ್ಲಿ ದೇವಕ್ಕ ಹೇಳಿದಳು:

"ಆ ದಿನದ್ದು ನನಗ ಏನೂ ನೆನಪಿಲ್ರಿ. ಹೆಣ ಹೆಂಗ ಒಯ್ದ್ರು, ಯಾರ್ ಬಂದ್ರು, ಏನೂ ಇಲ್ಲ. ಒಂದ ಐತಿ ನೋಡ್ರಿ. ಆ ನರ್ಸಬಾಯಿ. ನಾ ಏನ ಒದರಿದ್ನೋ ಆಕಿಗಿ ತಿಳೀಲಿಲ್ಲ. ಆದ್ರೂ ನನ್ನ ಮಾರಿ ನೋಡಿ, ಈಕಿಗಿ ನೀರಡಿಕಿ ಆಗೈತಿ ಅಂತ ಓಡಿ ಹೋಗಿ ನೀರ ತಂದ ಕೊಟ್ಟಳು. ಮಾತ ಬರದಾಕಿ ಮನಸ ನೋಡಿ ಕೊಟ್ಟಳು. ಈ ಊರಾಗ ನನಗ ಯಾರ ಅದಾರ ಅಂತ ಅಳು ಬಂದಾಗೆಲ್ಲ ಆ ನೀರ ನೆನಸ್ತೀನಿ. ಸೋಮವಾರಕ್ಕೊಮ್ಮೆ ಆಕಿ ಹೆಸರಲೆ ದೇವರಿಗಿ ಒಂದ ಕಾಯಿ ಒಡೀತೀನ್ರಿ."

ಮೋನಪ್ಪನ ಕಾಲು ನಿಂತಿತು. ಹಿಂದಿನಿಂದ ಬಂದ ಬ್ಯಾಂಕಿನ ಗುಂಪು ಅವರನ್ನು ಬಳಸಿಕೊಂಡು ಹಾಡುತ್ತ ಮುಂದೆ ಹೋಯಿತು.

"ದೇವಕ್ಕ, ಆ ಸಿಸ್ಟರ್ ನಿನ್ನ ಮನಸ್ಸು ನೋಡಿ ಕೊಟ್ಟದ್ದಲ್ಲ," ಎಂದ. "ನೀನು ಎಂತ ಹೇಳ್ತಾ ಇದ್ದಿ ಅಂತ ನನ್ನ ಹತ್ರ ಕೇಳಿದಳು. ನೀರು ಕೇಳ್ತಿದ್ದಾಳೆ ಅಂತ ನಾನು ಹೇಳಿದೆ."

ಅವಳು ಅವನನ್ನೇ ನೋಡಿದಳು. "ನಾ ನೀರ ಕೇಳಿಲ್ಲಲ್ಲ."

"ಇಲ್ಲ."

"ಪೆಟಗಿ ಅಂದೆ. ಎದಿ ನೋಡು ಅಂದೆ."

"ಹೌದು."

"ನಿಮಗ ತಿಳೀತು?"

"ಎಲ್ಲಾ ತಿಳಿಯಿತು. ಪೆಟ್ಟಿಗೆ ತೆಗೆದರೆ ನಾನು ಸಾಯ್ತೇನೆ ಅಂತ ಹೆದರಿಕೆ ಆಯ್ತು. ಹಾಗೆ ಹೇಳಿದೆ."

ಗಾಳಿಗೆ ಅವಳ ಸೆರಗು ಬಡಿಯುತ್ತಿತ್ತು. ಅವಳು ಅದನ್ನು ಹಿಡಿದುಕೊಳ್ಳಲಿಲ್ಲ. "ಅಂವ ಉಳೀತಿದ್ನೇನು?" ಎಂದಳು.

"ಗೊತ್ತಿಲ್ಲ."

"ಡಾಕ್ಟರಗ ಗೊತ್ತೇನು?"

"ಅವರಿಗೆ ನಾನು ಇದನ್ನು ಹೇಳಲೇ ಇಲ್ಲ. ಯಾರಿಗೂ ಹೇಳಲಿಲ್ಲ."

ಬೈಗುಳಕ್ಕೆ ಮೋನಪ್ಪ ತಯಾರಾಗಿದ್ದ. ಹೊಡೆದರೂ ಹೊಡೆಯಲಿ ಎಂದಿದ್ದ. ಅವಳು ಮೆತ್ತಗೆ, ಹತ್ತಿರದವರಿಗೂ ಕೇಳಿಸದ ಹಾಗೆ ಹೇಳಿದಳು:

"ಇಡೀ ವಾರ್ಡಿನ್ಯಾಗ ನನ್ನ ಮಾತ ತಿಳಿಯೋರ ನೀವೊಬ್ರ ಇದ್ರಿ. ಅಂವನ್ನ ಒಯ್ದ್ರಿ. ಅದೊಂದ ವಾಟಿ ನೀರ ಇತ್ತು ನನಗ, ಅದನ್ನೂ ಇವತ್ತ ಒಯ್ದ್ರಿ."

ಮೋನಪ್ಪ ಕೈ ಮುಗಿಯಲು ಎತ್ತಿದ. ಅವಳು ಬೇಡವೆಂಬಂತೆ ಕೈ ಅಡ್ಡ ಹಿಡಿದಳು.

"ಬಾಜೂಕ ಬರಬ್ಯಾಡ್ರಿ," ಎಂದಳು. "ಪೆಟಗಿ ಬರಬೇಕು, ಅದಕ್ಕ ನಡೀತೀನಿ. ನಿಮಗಲ್ಲ."

ಅವಳು ಹೊರಟಳು. ಮೋನಪ್ಪ ಐವತ್ತು ಹೆಜ್ಜೆ ಅಂತರ ಬಿಟ್ಟು ಹಿಂದೆ ನಡೆದ. ಜನ ಅವನ ಎದೆಯ ಕೆಂಪು ಬಟ್ಟೆ ನೋಡಿ "ಶಾಬ್ಬಾಸ್ ಕಾಕಾ!" ಎಂದು ಕೂಗುತ್ತಿದ್ದರು. ಸೈಕಲ್ಲಿನಲ್ಲಿ ಬಂದ ಸ್ವಯಂಸೇವಕನೊಬ್ಬ, "ನಿಮ್ಮ ಜೊತೆಯವರು ಎಲ್ಲಿ?" ಎಂದು ಕೇಳಿದ. ಮೋನಪ್ಪ ಮುಂದೆ ಹೋಗುತ್ತಿದ್ದ ಇಳಕಲ್ ಸೀರೆಯತ್ತ ಬೆರಳು ತೋರಿಸಿದ.

ಸಮುದ್ರದಂಡೆ ಮುಗಿದು ರಸ್ತೆ ಎಡಕ್ಕೆ ಹೊರಳುವ ಜಾಗದಲ್ಲಿ ಅವನಿಗೆ ಉಸಿರು ಸಾಲದಾಯಿತು. ಎಡಭುಜದಲ್ಲಿ ಹಳೆಯ ಭಾರ ಸುಳಿದ ಹಾಗಾಯಿತು. ಕಟ್ಟೆಯ ಮೇಲೆ ಕೂತ. ಜೇಬಿನ ಗುಳಿಗೆ ತೆಗೆದು ನಾಲಿಗೆಯ ಕೆಳಗಿಟ್ಟುಕೊಂಡ. ಮೆರವಣಿಗೆ ಅವನ ಮುಂದಿನಿಂದ ಹೋಗುತ್ತಲೇ ಇತ್ತು: ಮಕ್ಕಳು, ಛತ್ರಿ ಹಿಡಿದ ಪಾರ್ಸಿ ಮುದುಕರು, ಕೈ ಕೈ ಹಿಡಿದ ದಂಪತಿಗಳು. ತಲೆಯೆತ್ತಿ ನೋಡಿದರೆ ಮೂಲೆಯ ದೀಪದ ಕಂಬದ ಬಳಿ ದೇವಕ್ಕ ನಿಂತಿದ್ದಳು. ಅವನ ಕಡೆ ಬರಲಿಲ್ಲ. ಅವನ ಕಡೆ ತಿರುಗಿಯೂ ಇರಲಿಲ್ಲ. ಓರೆಯಾಗಿ ನಿಂತು ರಸ್ತೆ ನೋಡುತ್ತಿದ್ದಳು. ಹತ್ತು ನಿಮಿಷವಾಗಿರಬೇಕು, ಅವಳು ಅಲ್ಲಿಂದ ಅಲುಗಲಿಲ್ಲ. ಭಾರ ಇಳಿಯಿತು. ಮೋನಪ್ಪ ಎದ್ದು ನಾಲ್ಕು ಹೆಜ್ಜೆ ಇಟ್ಟ. ಆಗ ಅವಳೂ ನಡೆಯತೊಡಗಿದಳು.

ಹಾಜಿ ಅಲಿಯ ಬಳಿಯೂ ಒಮ್ಮೆ ಹಾಗಾಯಿತು. ಅವನು ನಿಂತ, ಅವಳು ನಿಂತಳು.

ರೇಸ್‌ಕೋರ್ಸಿನ ಬಾಗಿಲಲ್ಲಿ ಹೆಸರು ಗುರುತು ಹಾಕಿಕೊಳ್ಳುವ ಮೇಜಿತ್ತು. ದೇವಕ್ಕ ತನ್ನ ಸೀರೆಯ ಮೇಲಿನ ಚಿಕ್ಕ ಹೃದಯವನ್ನು ಪಿನ್ನು ಸಮೇತ ಬಿಚ್ಚಿ ಮೇಜಿನ ಮೇಲಿಟ್ಟಳು. ಬಿಸ್ಕತ್ತಿನ ಪೊಟ್ಟಣ ಕೊಡಲು ಹೋದರೆ ಬೇಡವೆಂದಳು. ಮೋನಪ್ಪ ಬಾಗಿಲು ಮುಟ್ಟುವಷ್ಟರಲ್ಲಿ ಅವಳು ಮಹಾಲಕ್ಷ್ಮಿ ಸ್ಟೇಶನ್ನಿನ ದಾರಿಯಲ್ಲಿ ಜನರ ನಡುವೆ ಬೆರೆತಾಗಿತ್ತು. ಒಳಗೆ ಹತ್ತು ಜನರನ್ನೂ ಅವರ ಮನೆಯವರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಒಂದೆರಡು ಸಲ "ಹತ್ತಿರ ಹತ್ತಿರ ನಿಲ್ಲಿ" ಎಂದ ಫೋಟೋಗ್ರಾಫರನು ಮೋನಪ್ಪನ ಎಡಗಡೆಯ ಖಾಲಿ ಜಾಗವನ್ನು ಕೈಸನ್ನೆಯಿಂದ ತುಂಬಿಸಲು ನೋಡಿದ, ಆಮೇಲೆ ಬಿಟ್ಟುಬಿಟ್ಟ.

ಮುಂದಿನ ತಪಾಸಣೆಯ ದಿನ ಡಾಕ್ಟರ್ ಸಬ್ನಿಸ್ ಕೇಳಿದರು: "ನಿನ್ನ ತಂಗಿ ಹೇಗಿದ್ದಾಳೆ?"

ಮೋನಪ್ಪ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಹೇಳಿದ. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೇಳಿದರು.

"ಅವನು ಬದುಕುತ್ತಿದ್ದನೇ?" ಎಂದ ಮೋನಪ್ಪ.

"ಬಹುಶಃ ಇಲ್ಲ," ಎಂದರು. ಪೆನ್ನಿಗೆ ಮುಚ್ಚಳ ಹಾಕಿ, "ಬಹುಶಃ ಎಂದೆ. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ," ಎಂದರು.

ಆ ಬಹುಶಃ ಎಂಬ ಮಾತನ್ನು ಹೊತ್ತು ಅವನು ಮಾರ್ಕೆಟ್ಟಿನವರೆಗೆ ಹೋದ. ಹೇಳಿದ. ದೇವಕ್ಕ ಮೆಂತ್ಯ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಪಕ್ಕದ ಹೆಂಗಸು ಯಾರಿವರು ಎಂದು ಕೇಳಿದಾಗ, "ಯಾರಿಲ್ಲ, ಹೋಟೆಲ್ದವ್ರು," ಎಂದಳು.

ಅಂದಿನಿಂದ ಮೋನಪ್ಪ ಆ ಬೀದಿಯನ್ನು ಬಳಸಿ ಹೋಗುವುದನ್ನು ಬಿಟ್ಟ. ಬೆಳಿಗ್ಗೆ ನಡೆಯುವಾಗ ಅವಳ ಮುಂದಿನಿಂದಲೇ ಹೋಗುತ್ತಿದ್ದ. ಅವಳು ಕೆಲವು ದಿನ ನೋಡುತ್ತಿದ್ದಳು, ಕೆಲವು ದಿನ ನೋಡುತ್ತಿರಲಿಲ್ಲ. ಡಾಕ್ಟರ ಒಪ್ಪಿಗೆ ಪಡೆದು ವಾರದಲ್ಲಿ ಎರಡು ದಿನ ನಾಲ್ಕು ಗಂಟೆಗೆ ವಾರ್ಡಿಗೂ ಹೋಗತೊಡಗಿದ. ರಾಯಚೂರಿನವರು, ಕಲಬುರ್ಗಿಯವರು, ಕುಂದಾಪುರದವರು ಯಾರಾದರೂ ಇದ್ದರೆ ಅವರ ಮಾತನ್ನು ನರ್ಸಿಗೆ ಹಿಂದಿಯಲ್ಲಿ ಹೇಳುತ್ತಿದ್ದ, ಒಂದು ಮಾತನ್ನೂ ಕಳೆಯದೆ, ಸೇರಿಸದೆ. ಬೈದರೆ ಬೈಗುಳವನ್ನೂ ಹೇಳುತ್ತಿದ್ದ. ರೋಗಿಗಳು ಎದ್ದು ಊರಿಗೆ ಹೋಗುತ್ತಿದ್ದರು. ಅವರಲ್ಲಿ ಯಾರೂ ಮರಳಿ ಅವನನ್ನು ನೋಡಲು ಬರಲಿಲ್ಲ. ಆಸ್ಪತ್ರೆಯ ನೆನಪು ಯಾರಿಗೆ ಬೇಕು?

ರೈಲ್ವೆ ಮುಷ್ಕರ ಮುಗಿದು ಮಳೆ ಹಿಡಿದ ಮೇಲೆ, ಎಪ್ಪತ್ತನಾಲ್ಕರ ಜುಲೈಯಲ್ಲಿ, ಎರಡು ಪೆಟ್ಟಿಗೆ ಬಂದವು. ಮಾರನೆಯ ಬೆಳಿಗ್ಗೆ ಮೋನಪ್ಪ ಮಾರ್ಕೆಟ್ಟಿನ ಮುಂದೆ ಹೋಗುತ್ತಿರುವಾಗ ದೇವಕ್ಕ ತಾನಾಗಿಯೇ ಕೇಳಿದಳು. ಆರು ತಿಂಗಳಲ್ಲಿ ಅದೇ ಮೊದಲು.

"ಪೆಟಗಿ ಬಂದ್ವೇನು?"

"ಬಂದವು. ಎರಡು."

"ನೀವು ಕಣ್ಣಾರೆ ನೋಡೀರಿ?"

"ನೋಡಿದೆ. ಒಂದನ್ನು ಲಿಂಗಸೂಗೂರಿನ ಒಬ್ಬ ಹೆಂಗಸಿಗೆ ಹಾಕಿದ್ದಾರೆ. ಅವಳ ಹೆಸರು ಸೋಮವ್ವ."

"ಆರಾಮದಾಳೇನು?"

"ಕೂತು ಗಂಜಿ ಕುಡಿದಳು."

ದೇವಕ್ಕ ಗೋಣು ಹಾಕಿದಳು. ಗೋಣಿಚೀಲದ ಗೊಪ್ಪೆಯನ್ನು ತಲೆಯ ಮೇಲೆ ಎಳೆದುಕೊಂಡು ಮಳೆಗೆ ಬೆನ್ನು ಮಾಡಿ ಕೆಲಸಕ್ಕೆ ಕೂತಳು. ಮಾತು ಅಷ್ಟೇ. ಆ ವರ್ಷವೂ ಮುಂದಿನ ವರ್ಷವೂ ಅವಳು ಮತ್ತೆ ಮಾತಾಡಲಿಲ್ಲ.

ಎಪ್ಪತ್ತಾರರ ಚಳಿಗಾಲದಲ್ಲಿ ಒಂದು ದಿನ ಹೆಂಗಸರ ಸಾಲಿನಲ್ಲಿ ಅವಳ ಜಾಗದಲ್ಲಿ ಬೇರೊಬ್ಬಳು ಕೂತಿದ್ದಳು. ನಾಲ್ಕು ದಿನ ಕಾದು ಮೋನಪ್ಪ ವಿಚಾರಿಸಿದ. ಖಾಡಿಯ ಹಿನ್ನೀರಿನ ಆಚೆ ಹೊಸ ಊರು ಕಟ್ಟುತ್ತಿದ್ದಾರಲ್ಲ, ಅಲ್ಲಿ ಕಲ್ಲುಮಣ್ಣಿನ ಕೆಲಸಕ್ಕೆ ಊರಿನ ಗುಂಪಿನ ಜೊತೆ ಹೋದಳು ಎಂದರು ಪಕ್ಕದ ಹೆಂಗಸರು. ಎಲ್ಲಿ, ಯಾವ ಕಡೆ ಎಂದು ಅವರಿಗೂ ಗೊತ್ತಿರಲಿಲ್ಲ. ಸಿಂದಗಿಯ ಹತ್ತಿರ ಅವಳ ಹಳ್ಳಿ ಯಾವುದೆಂದು ಮೋನಪ್ಪ ಯಾವತ್ತೂ ಕೇಳಿರಲಿಲ್ಲ.

"ಹೋಗುವಾಗ ಏನಾದರೂ ಹೇಳಿದಳಾ?" ಎಂದು ಅವಳ ಜಾಗದಲ್ಲಿ ಕೂತವಳನ್ನು ಕೇಳಿದ.

ಆ ಹೊಸ ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲ. ಅವನು ಅದನ್ನೇ ಮರಾಠಿಯಲ್ಲಿ ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿ, ಕೊತ್ತಂಬರಿ ಬೇಕೇ ಎಂದಳು. ಒಂದು ಕಟ್ಟು ಕೊಂಡುಕೊಂಡು ಮೋನಪ್ಪ ಲಾಲ್‌ಬಾಗಿನ ಕಡೆ ನಡೆದ. ಗಿರಣಿಯ ಭೋಂಗಾ ಆಗಿ ಬೀದಿ ತುಂಬತೊಡಗಿತ್ತು.